ಅರ್ಧ ಲಾರಿ ಕಾರ್ಖಾನೆಯದು, ಇನ್ನರ್ಧ ಯಾರದು?

ಹೊಸೂರು ರಸ್ತೆಯಲ್ಲಿ ಓಡಾಡುವವರು ಈ ನೋಟವನ್ನು ಕಂಡೇ ಇರುತ್ತಾರೆ. ಒಂದು ಎಂಜಿನ್, ಎರಡು ಉದ್ದನೆಯ ಉಕ್ಕಿನ ತೊಲೆ, ಚಕ್ರ, ಸ್ಟಿಯರಿಂಗ್. ಬಾಗಿಲಿಲ್ಲ, ಚಾವಣಿಯಿಲ್ಲ. ತಲೆ–ಮುಖಕ್ಕೆ ಟವೆಲ್ ಸುತ್ತಿಕೊಂಡ ಚಾಲಕ ತಾತ್ಕಾಲಿಕ ಸೀಟಿನ ಮೇಲೆ ಕೂತು, ಬಿಸಿಲು ದೂಳಿಗೆ ಮೈಯೊಡ್ಡಿ ಅದನ್ನು ಓಡಿಸಿಕೊಂಡು ಹೋಗುತ್ತಿರುತ್ತಾನೆ. ಲಾರಿಯವರ ಬಾಯಲ್ಲಿ ಅದು ‘ಚಾಸಿ’. ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇರುವುದರಿಂದ ಈ ಭಾಗದ ಜನರಿಗೆ ಇದೇನೂ ಹೊಸತಲ್ಲ. ಕಾರ್ಖಾನೆಯ ಗೇಟು ದಾಟಿದ ಚಾಸಿ ಇನ್ನೂ ಲಾರಿ ಆಗಿರುವುದಿಲ್ಲ. ಅದು ಲಾರಿಯಾಗುವುದು ‘ಬಾಡಿ ಕಟ್ಟುವ’ ಊರಿನಲ್ಲಿ. ತಮಿಳುನಾಡಿನ ನಾಮಕ್ಕಲ್, ಸಂಕಗಿರಿ, ತಿರುಚೆಂಗೋಡು ಈ ಕಸುಬಿಗೆ ಹೆಸರಾದ ಊರುಗಳು. ನಮ್ಮಲ್ಲಿ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದಂಥ ಹೆದ್ದಾರಿ ಊರುಗಳ ಅಂಚಿನಲ್ಲಿ ತಗಡಿನ ಚಾವಣಿಯ ಕೆಳಗೆ ವೆಲ್ಡಿಂಗ್ ಕಿಡಿ ಹಾರುತ್ತಿರುತ್ತದೆ.

ಎಂಜಿನ್ನು, ಬ್ರೇಕು, ಹೊಗೆಯ ಪ್ರಮಾಣ ಇವೆಲ್ಲ ಪ್ರಯೋಗಾಲಯಗಳಲ್ಲಿ ಪರೀಕ್ಷೆಗೊಳಗಾಗಿ ಬರುತ್ತವೆ. ಆ ಚಾಸಿಯ ಮೇಲೆ ಹತ್ತಾರು ಟನ್ ಸರಕು ಹೊರುವ ಬಾಡಿ ಮಾತ್ರ ಬಹುತೇಕ ಒಬ್ಬ ಮೇಸ್ತ್ರಿಯ ಕಣ್ಣಳತೆ, ಕೈಗುಣ ಮತ್ತು ಮಾಲೀಕನ ಬಜೆಟ್ಟಿನ ಮೇಲೆ ನಿಂತಿದೆ. ಸರ್ಕಾರದ ನಿಯಮಗಳು ಒಂದೊಂದಾಗಿ ಬಿಗಿಯಾಗುತ್ತಿರುವ ಈ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: ಬಾಡಿ ಕಟ್ಟುವವರ ಕೈಗೆ ನಾವು ನಿಯಮದ ಪಟ್ಟಿಯನ್ನಷ್ಟೇ ಕೊಡುತ್ತಿದ್ದೇವೆಯೇ, ಅದನ್ನು ಪಾಲಿಸಲು ಬೇಕಾದ ವಿನ್ಯಾಸವನ್ನೂ ಕೊಡುತ್ತಿದ್ದೇವೆಯೇ?

ಈ ವ್ಯವಸ್ಥೆಗೆ ಒಂದು ಚರಿತ್ರೆ ಇದೆ. ಟೆಲ್ಕೊ ಕಂಪನಿಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಟ್ರಕ್ ತಯಾರಿಕೆಗೆ ಇಳಿಯಿತು. ಮುಂದಿನ ವರ್ಷ ಮದರಾಸಿನ ಅಶೋಕ್ ಮೋಟರ್ಸ್ ‘ಅಶೋಕ್ ಲೇಲ್ಯಾಂಡ್’ ಆಯಿತು. ಈ ಕಂಪನಿಗಳು ಮಾರುತ್ತಿದ್ದದ್ದು ಬಹುಮಟ್ಟಿಗೆ ಚಾಸಿ ಮತ್ತು ಮುಂಭಾಗದ ಮುಖವಾಡವನ್ನು. ಚಾಲಕ ಕೂರುವ ಕ್ಯಾಬಿನ್ ಕೂಡ ಬಡಗಿಯ ಕೆಲಸವೇ ಆಗಿತ್ತು: ಮರದ ಚೌಕಟ್ಟು, ಅದರ ಮೇಲೆ ತಗಡು, ಬಣ್ಣ, ಹಣೆಯ ಮೇಲೆ ಮನೆದೇವರ ಹೆಸರು. ಭತ್ತದ ಚೀಲ, ಕಲ್ಲಿದ್ದಲು, ಎಮ್ಮೆ, ಮರಳು ಯಾವುದಕ್ಕೆ ಬೇಕೋ ಅದಕ್ಕೆ ತಕ್ಕಂತೆ ಸ್ಥಳೀಯವಾಗಿ ಬಾಡಿ ಕಟ್ಟಿಸಿಕೊಳ್ಳಬಹುದಿತ್ತು. ಬಂಡವಾಳ ಕಡಿಮೆ, ರಿಪೇರಿ ಸುಲಭ. ಆ ಕಾಲಕ್ಕೆ ಅದು ಜಾಣತನದ ಏರ್ಪಾಡೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಕರ್ನಾಟಕದ ಹೊಲಗಳಲ್ಲಿ ಕೊಳವೆಬಾವಿ ಕೊರೆಯಲು ಬರುವ ತಮಿಳುನಾಡು ನೋಂದಣಿಯ ಲಾರಿಗಳನ್ನೇ ನೋಡಿ. ಲಾರಿಯ ಚಾಸಿಯ ಮೇಲೆ ಇಡೀ ಕೊರೆಯುವ ಯಂತ್ರವನ್ನು ಕೂರಿಸಿದ ಆ ಕೌಶಲ ಬೆಳೆದದ್ದು ತಿರುಚೆಂಗೋಡಿನಂಥ ಸಣ್ಣ ಊರಿನಲ್ಲಿ.

ಆದರೆ ಮರದ ಕ್ಯಾಬಿನ್ನಿಗೆ ತೆತ್ತ ಬೆಲೆ ಜೀವಗಳದ್ದು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಲಾರಿಯ ಒಳಗಿದ್ದವರು. ‘ದೊಡ್ಡ ಗಾಡಿಯವನಿಗೆ ಏನೂ ಆಗುವುದಿಲ್ಲ’ ಎಂಬ ನಮ್ಮ ನಂಬಿಕೆಯನ್ನು ಈ ಸಂಖ್ಯೆ ಸುಳ್ಳು ಮಾಡುತ್ತದೆ. ಮುಂದಿನ ಲಾರಿಗೆ ಗುದ್ದಿದಾಗ ಚಾಲಕನ ಮೊಣಕಾಲಿಗೂ ಆ ಲಾರಿಯ ಹಿಂಭಾಗದ ಕಬ್ಬಿಣಕ್ಕೂ ನಡುವೆ ಇರುವುದು ಕ್ಯಾಬಿನ್ನಿನ ಮುಂಗೋಡೆ ಮಾತ್ರ.

ಕ್ಯಾಬಿನ್ ಗಟ್ಟಿಯಾಗಿದೆಯೇ ಎಂದು ತಿಳಿಯುವ ದಾರಿ ನೋಡಲು ಒರಟು, ಲೆಕ್ಕದಲ್ಲಿ ಬಹಳ ನಿಖರ. ಎಐಎಸ್-029 ಎಂಬ ಭಾರತೀಯ ಮಾನದಂಡದ ಪರೀಕ್ಷೆಯಲ್ಲಿ ಚಪ್ಪಟೆ ಮುಖದ, ಸುಮಾರು 1,500 ಕೆ.ಜಿ. ತೂಕದ ಉಕ್ಕಿನ ಲೋಲಕವನ್ನು ತೂಗಿ ಬಿಟ್ಟು ಕ್ಯಾಬಿನ್ನಿನ ಮುಖಕ್ಕೆ ಹೊಡೆಸುತ್ತಾರೆ. ಭಾರಿ ಲಾರಿಗಳಿಗೆ ಆ ಹೊಡೆತದ ಶಕ್ತಿ, ಅಷ್ಟೇ ತೂಕದ ವಸ್ತು ಮೂರು ಮೀಟರ್ ಎತ್ತರದಿಂದ ಬಿದ್ದಾಗಿನ ಶಕ್ತಿಗೆ ಸಮ. ಚಾವಣಿಯ ಮೇಲೆ ಭಾರ ಹೇರುವುದು, ಹಿಂಗೋಡೆಯನ್ನು ಸರಕು ನೂಕಿದಂತೆ ನೂಕುವುದು ಇನ್ನೆರಡು ಪರೀಕ್ಷೆಗಳು. ಆಮೇಲೆ ಒಳಗೆ ಆಳೆತ್ತರದ ಗೊಂಬೆಯನ್ನು ಸೀಟಿನಲ್ಲಿ ಕೂರಿಸಿ ನೋಡುತ್ತಾರೆ. ಗಡಸು ಭಾಗ ಯಾವುದೂ ಗೊಂಬೆಗೆ ತಾಗುವಂತಿರಬಾರದು. ಕ್ಯಾಬಿನ್ ಜಜ್ಜಿಹೋದರೂ ಸರಿ, ಮನುಷ್ಯ ಬದುಕುವಷ್ಟು ಜಾಗ ಉಳಿದಿರಬೇಕು. ಸ್ವೀಡನ್ನಿನಲ್ಲಿ ಇಂಥ ಪರೀಕ್ಷೆ 1960ರ ಹೊತ್ತಿಗೇ ಜಾರಿಗೆ ಬಂದಿತ್ತು. ಆ ದೇಶದ ವೋಲ್ವೊ ಕಂಪನಿ 1998ರಲ್ಲಿ ಹೊಸಕೋಟೆಯಲ್ಲಿ ಟ್ರಕ್ ಜೋಡಿಸಲು ತೊಡಗಿದಾಗ, ಪೂರ್ತಿ ಉಕ್ಕಿನ, ಹಾಸಿಗೆ ಇರುವ ಕ್ಯಾಬಿನ್ ನಮ್ಮ ಚಾಲಕರಿಗೆ ಅಚ್ಚರಿಯ ವಸ್ತುವಾಗಿತ್ತು.

ಈಗ ದೊಡ್ಡ ಕಂಪನಿಗಳೆಲ್ಲ ಅಚ್ಚೊತ್ತಿದ ಉಕ್ಕಿನ ಕ್ಯಾಬಿನ್ ಕೊಡುತ್ತಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಚಾಸಿಯಾಗಿ ಮಾರುವ ವಾಹನಕ್ಕೂ ಅನುಮೋದಿತ ಎಸಿ ಸಲಕರಣೆಯನ್ನು ಕಂಪನಿಯೇ ಒದಗಿಸಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಎಂಜಿನ್ನಿನ ಪಕ್ಕ ಕೂತು ಹತ್ತು–ಹನ್ನೆರಡು ಗಂಟೆ ಗಾಡಿ ಓಡಿಸುವವನಿಗೆ ಇದು ತೂಕಡಿಕೆಯಿಂದ, ಆ ಮೂಲಕ ಸಾವಿನಿಂದ ಕಾಪಾಡುವ ಸಾಧನ. ಇದರ ಹಿಂದೆ ವಿನ್ಯಾಸದ ಪ್ರಶ್ನೆಯೂ ಇದೆ. ಬಾಗಿಲಿನ ರಬ್ಬರ್ ಪಟ್ಟಿ ಸರಿಯಾಗಿ ಕೂರದಿದ್ದರೆ, ನೆಲದ ತೂತುಗಳನ್ನು ಮುಚ್ಚದಿದ್ದರೆ, ಚಾವಣಿಗೆ ಶಾಖ ತಡೆಯುವ ಪದರ ಹಾಕದಿದ್ದರೆ ಎಸಿ ಎಷ್ಟು ದೊಡ್ಡದಿದ್ದರೂ ಡೀಸೆಲ್ ಕುಡಿಯುತ್ತದೆಯೇ ಹೊರತು ಒಳಗೆ ತಣ್ಣಗಾಗುವುದಿಲ್ಲ. ಕೈಯಲ್ಲಿ ಕಟ್ಟಿದ ಕ್ಯಾಬಿನ್ ಸೋಲುವುದು ಇಂಥ ಚಿಕ್ಕ ಚಿಕ್ಕ ಸಂದುಗಳಲ್ಲಿ.

ಕ್ಯಾಬಿನ್ ಕಾರ್ಖಾನೆಗೆ ಹೋಯಿತು ಎಂದುಕೊಂಡರೂ ಹಿಂದಿನ ಸರಕಿನ ಬಾಡಿ ಶೆಡ್ಡಿನಲ್ಲೇ ಉಳಿದಿದೆ. ಅಲ್ಲಿ ನಡೆಯುವ ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ತಿರುಳು ಸಿಗುತ್ತದೆ.

ಲಾರಿಯ ಚಾಸಿ ಏಣಿಯ ಹಾಗಿರುತ್ತದೆ: ಎರಡು ಉದ್ದ ತೊಲೆ, ನಡುವೆ ಅಡ್ಡಪಟ್ಟಿಗಳು. ಹಳ್ಳ ದಿಣ್ಣೆಯಲ್ಲಿ ಒಂದು ಚಕ್ರ ಮೇಲೆದ್ದಾಗ ಈ ಏಣಿ ತುಸು ತಿರುಚಿಕೊಳ್ಳಬೇಕು. ಹಾಗೆ ತಿರುಚಿಕೊಳ್ಳಲೆಂದೇ ಅದನ್ನು ರೂಪಿಸಿರುತ್ತಾರೆ. ಅದರ ಮೇಲೆ ಬಾಡಿಯ ಅಡಿಚೌಕಟ್ಟು ಕೂರುತ್ತದೆ. ಎರಡರ ನಡುವೆ ಮರದ ಅಥವಾ ರಬ್ಬರಿನ ಪಟ್ಟಿ, ಹಿಡಿದುಕೊಳ್ಳಲು ಯು-ಬೋಲ್ಟುಗಳು. ಅಡಿಚೌಕಟ್ಟಿನ ಮುಂತುದಿಯನ್ನು, ಅಂದರೆ ಕ್ಯಾಬಿನ್ನಿನ ಹಿಂಬದಿಗೆ ಬರುವ ತುದಿಯನ್ನು, ಓರೆಯಾಗಿ ಕತ್ತರಿಸಿ ಸಣ್ಣಗೆ ಮಾಡುತ್ತಾ ಹೋಗಬೇಕು. ನೇರವಾಗಿ ಕತ್ತರಿಸಿಬಿಟ್ಟರೆ ಗಟ್ಟಿ ಭಾಗ ಮುಗಿದು ಮೆದು ಭಾಗ ಶುರುವಾಗುವ ಆ ಒಂದೇ ಗೆರೆಯ ಮೇಲೆ ಒತ್ತಡವೆಲ್ಲ ಬಂದು ಕೂರುತ್ತದೆ. ದಿನವೂ ಸಾವಿರಾರು ಸಲ ಬಾಗಿ ಬಾಗಿ ಕೊನೆಗೊಂದು ದಿನ ತೊಲೆ ಅಲ್ಲೇ ಸೀಳುಬಿಡುತ್ತದೆ. ತೊಲೆಯ ಮೇಲಂಚು ಕೆಳಂಚುಗಳಲ್ಲಿ ತೂತು ಕೊರೆಯಬಾರದು, ವೆಲ್ಡಿಂಗ್ ಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಟ್ಯಾಂಕರಿನದು ಇನ್ನೊಂದು ಬಗೆ. ಸಿಲಿಂಡರಿನಂಥ ಟ್ಯಾಂಕು ತಿರುಚಿಕೊಳ್ಳುವುದೇ ಇಲ್ಲ. ಅದನ್ನು ಚಾಸಿಗೆ ಬಿಗಿದುಬಿಟ್ಟರೆ ಒಂದೋ ಚಾಸಿ ಒಡೆಯುತ್ತದೆ, ಇಲ್ಲವೇ ಟ್ಯಾಂಕು. ಹಾಗಾಗಿ ಸ್ಪ್ರಿಂಗ್ ಅಥವಾ ತಿರುಗುಗೂಟದ ಮೇಲೆ ಕೂರಿಸಬೇಕು.

ಒಂದು ಓರೆ ಕತ್ತರಿಕೆ, ಒಂದು ಬೋಲ್ಟಿನ ಜಾಗ: ಇಷ್ಟರಲ್ಲಿ ಲಾರಿಯ ಆಯಸ್ಸು ಅಡಗಿದೆ. ಅನುಭವಿ ಮೇಸ್ತ್ರಿಗೆ ಇದು ಗೊತ್ತು. ಅವನಿಗೆ ಗೊತ್ತಿಲ್ಲದ್ದು 2020ರ ಏಪ್ರಿಲ್ 1ರಂದು ಬಿಎಸ್-6 ಹೊಗೆ ನಿಯಮದ ಜೊತೆಗೆ ಬಂತು. ಈಗಿನ ಲಾರಿಯಲ್ಲಿ ಹೊಗೆ ಶುದ್ಧ ಮಾಡುವ ಪೆಟ್ಟಿಗೆ, ಯೂರಿಯಾ ದ್ರಾವಣದ ಟ್ಯಾಂಕು, ಸೆನ್ಸರುಗಳು, ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳು ಚಾಸಿಯ ಉದ್ದಕ್ಕೂ ಹರಡಿಕೊಂಡಿವೆ. ಬ್ಯಾಟರಿಯ ತಂತಿ ಬಿಚ್ಚದೆ ವೆಲ್ಡಿಂಗ್ ಶುರುಮಾಡಿದರೆ, ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರ ಹಾಕದೆ ಎಲ್ಲೋ ದೂರ ಹಾಕಿದರೆ, ಕರೆಂಟು ಆ ಘಟಕಗಳೊಳಗೆ ಹರಿದು ದುಬಾರಿ ಸರ್ಕ್ಯೂಟು ಸುಟ್ಟುಹೋಗಬಹುದು. ಇವೆಲ್ಲ ಕಂಪನಿಗಳ ಬಾಡಿ ಕಟ್ಟುವವರ ಕೈಪಿಡಿಗಳಲ್ಲಿ ಇವೆ. ಆದರೆ ಆ ಕೈಪಿಡಿ ಇಂಗ್ಲಿಷಿನಲ್ಲಿದೆ, ವೆಲ್ಡಿಂಗ್ ಮಾಡುವ ಹುಡುಗ ಕಲಿತದ್ದು ಗುರುವಿನ ಕೈ ನೋಡಿ.

ತೂಕದ ಲೆಕ್ಕ ಮಾಲೀಕನಿಗೆ ಬೇಗ ಅರ್ಥವಾಗುವಂಥದ್ದು. 24 ಅಡಿ ಉದ್ದದ ಬಾಡಿಯ ನೆಲ ಸುಮಾರು 17.5 ಚದರ ಮೀಟರ್. 4 ಮಿ.ಮೀ. ಉಕ್ಕಿನ ಹಾಳೆ ಹಾಸಿದರೆ ಅದೊಂದೇ ಸುಮಾರು 550 ಕೆ.ಜಿ. ಹೆಚ್ಚು ಬಲದ ಉಕ್ಕು ಬಳಸಿ 3 ಮಿ.ಮೀ.ಗೆ ಇಳಿಸಿದರೆ 137 ಕೆ.ಜಿ. ಉಳಿಯುತ್ತದೆ. ವರ್ಷಕ್ಕೆ ನೂರು ಟ್ರಿಪ್ ಎಂದರೂ 13 ಟನ್ನಿಗೂ ಮಿಕ್ಕಿದ ಸರಕನ್ನು, ಅದೂ ಕಾನೂನು ಮೀರದೆ, ಹೆಚ್ಚಾಗಿ ಸಾಗಿಸಬಹುದು. ಟಿಪ್ಪರ್‌ಗಳಲ್ಲಿ ಸ್ವೀಡನ್ನಿನ ಹಾರ್ಡಾಕ್ಸ್‌ನಂಥ ಸವೆತ ತಡೆಯುವ ಉಕ್ಕು ಬಂದದ್ದು, ಚೌಕ ಪೆಟ್ಟಿಗೆಯ ಬದಲು ಯು ಆಕಾರದ ತೊಟ್ಟಿ ಬಂದದ್ದು ಈ ಲೆಕ್ಕದಿಂದಲೇ. ಅಲ್ಯುಮಿನಿಯಂ ಉಕ್ಕಿನ ಮೂರನೆಯ ಒಂದರಷ್ಟು ತೂಗುತ್ತದೆ. ಆದರೆ ಅದೇ ದಪ್ಪದಲ್ಲಿ ಮೂರು ಪಟ್ಟು ಬಾಗುತ್ತದೆ, ಬೆಸೆಯುವ ವಿದ್ಯೆಯೂ ಬೇರೆ. ಉಕ್ಕಿನ ನಕ್ಷೆಯಲ್ಲೇ ಅಲ್ಯುಮಿನಿಯಂ ಕತ್ತರಿಸಿದರೆ ಕೆಲಸ ಕೆಟ್ಟಂತೆಯೇ.

ಕರ್ನಾಟಕದಲ್ಲಿ ಈ ಲೆಕ್ಕವನ್ನು ಮೊದಲೇ ಅರಿತವರಿದ್ದಾರೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಸಂಸ್ಥೆ, ಹುಬ್ಬಳ್ಳಿಯಲ್ಲಿ ತನ್ನದೇ ಬಾಡಿ ವಿನ್ಯಾಸ ಘಟಕವನ್ನು ಕಟ್ಟಿಕೊಂಡಿತು. ಉದ್ದವಾದ, ಹಗುರವಾದ ಬಾಡಿ ಕಟ್ಟಿ ಒಂದೊಂದು ಟ್ರಿಪ್ಪಿನಲ್ಲೂ ಹೆಚ್ಚು ಸರಕು ಹಾಕುವುದು ಅದರ ವ್ಯವಹಾರದ ಬಲಗಳಲ್ಲಿ ಒಂದಾಯಿತು. ಸಾವಿರಾರು ಲಾರಿ ಇರುವವರಿಗೆ ಇದು ಸಾಧ್ಯ. ಒಂದೋ ಎರಡೋ ಲಾರಿ ಇಟ್ಟುಕೊಂಡ, ಕಂತು ಕಟ್ಟುವ ಮಾಲೀಕನಿಗೆ ಎಂಜಿನಿಯರ್ ಎಲ್ಲಿಂದ ಬರಬೇಕು?

ಆ ಮಾಲೀಕ ಬಾಡಿಯನ್ನು ಗಟ್ಟಿ ಮಾಡಿಸುವುದು ಓವರ್‌ಲೋಡಿಗಾಗಿ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿ, ವಾಹನದ ಗರಿಷ್ಠ ಒಟ್ಟು ತೂಕವನ್ನು 49 ಟನ್ನಿನಿಂದ 55 ಟನ್ನಿಗೆ ಹೆಚ್ಚಿಸಿತು. ಹಳೆಯ ಅಭ್ಯಾಸ ಅದರಿಂದ ಪೂರ್ತಿ ಅಳಿಯಲಿಲ್ಲ. ಪಕ್ಕದ ಹಲಗೆಗೆ ಇನ್ನೊಂದು ಹಲಗೆ, ಕಮಾನು ಪಟ್ಟಿಗೆ ಇನ್ನೊಂದು ಪಟ್ಟಿ ಸೇರುತ್ತಲೇ ಇವೆ. ಹೀಗೆ ದಪ್ಪ ಮಾಡಿದ ಬಾಡಿ ಖಾಲಿ ಓಡುವಾಗಲೂ ಡೀಸೆಲ್ ತಿನ್ನುತ್ತದೆ, ತುಂಬಿದಾಗ ಬ್ರೇಕಿನ ಮಾತು ಕೇಳುವುದಿಲ್ಲ.

ರಸ್ತೆಯ ಉಳಿದವರಿಗೆ ಅತ್ಯಂತ ಮುಖ್ಯವಾದ ಭಾಗ ಲಾರಿಯ ಹಿಂಬದಿಯಲ್ಲಿದೆ. 1967ರಲ್ಲಿ ಅಮೆರಿಕದ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಇದ್ದ ಕಾರು ಟ್ರೇಲರ್ ಒಂದರ ಹಿಂಬದಿಗೆ ನುಗ್ಗಿ ಆಕೆ ಸತ್ತ ಮೇಲೆ, ಅಲ್ಲಿನ ಜನ ಹಿಂಬದಿಯ ತಡೆಗಂಬಿಯನ್ನು ಆಕೆಯ ಹೆಸರಿನಿಂದಲೇ ಕರೆಯತೊಡಗಿದರು. ಕಾರಿನ ಬಂಪರು, ಏರ್‌ಬ್ಯಾಗು ಎಲ್ಲ ಕೆಲಸ ಮಾಡುವುದು ಎದುರಿಗೆ ಏನಾದರೂ ತಾಗಿದರೆ ಮಾತ್ರ. ಎತ್ತರದ ಲಾರಿ ಬಾಡಿಯ ಕೆಳಗೆ ಕಾರು ನುಸುಳಿಬಿಟ್ಟರೆ ಬಾಡಿಯ ಅಂಚು ನೇರ ಗಾಜಿಗೆ, ತಲೆಗೆ ಬರುತ್ತದೆ. ನಮ್ಮಲ್ಲೂ ಇದಕ್ಕೆ ಐಎಸ್ 14812 ಎಂಬ ಮಾನದಂಡವಿದೆ. ತಡೆಗಂಬಿಯ ಕೆಳಅಂಚು ನೆಲದಿಂದ 550 ಮಿ.ಮೀ.ಗಿಂತ ಮೇಲಿರಬಾರದು. ಪಕ್ಕದಲ್ಲಿ ಬೈಕ್ ಸವಾರರು, ಪಾದಚಾರಿಗಳು ಚಕ್ರದ ಕೆಳಗೆ ಬೀಳದಂತೆ ತಡೆಯುವ ಕಂಬಿಗೂ ಬೇರೊಂದು ಮಾನದಂಡ ಇದೆ.

ಹೆದ್ದಾರಿ ಬದಿಯ ಯಾವುದೇ ಢಾಬಾದ ಮುಂದೆ ನಿಂತ ಲಾರಿಗಳ ಹಿಂದೆ ಹೋಗಿ ಬಗ್ಗಿ ನೋಡಿದರೆ ಮಾನದಂಡದ ಗತಿ ತಿಳಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ತಡೆಗಂಬಿ ಎಂದರೆ ನೀರಿನ ಪೈಪಿನಷ್ಟು ದಪ್ಪದ ಕೊಳವೆ, ಎರಡು ಪಟ್ಟಿಗೆ ಚುಕ್ಕಿ ವೆಲ್ಡಿಂಗ್. ಕೆಲವದರಲ್ಲಿ ರಿವರ್ಸ್ ತೆಗೆಯುವಾಗ ಗುದ್ದಿ ಬಾಗಿ ಒಳಗೆ ಮಡಚಿಕೊಂಡಿರುತ್ತದೆ. ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ) ಮಾಡಿಸುವ ದಿನ ಅದು ‘ಇದೆ’ ಎಂದು ಗುರುತು ಬಿದ್ದರೆ ಆಯಿತು. ಇದೆ ಎಂಬುದಕ್ಕೂ ತಡೆಯುತ್ತದೆ ಎಂಬುದಕ್ಕೂ ನಡುವಿನ ಅಂತರದಲ್ಲಿ ಕುಟುಂಬಗಳೇ ಅಳಿಸಿಹೋಗುತ್ತಿವೆ.

ಹಾಗಾದರೆ ಶೆಡ್ಡುಗಳನ್ನೆಲ್ಲ ಮುಚ್ಚಿಸಿ, ಕಾರ್ಖಾನೆಯಲ್ಲೇ ಪೂರ್ತಿ ಕಟ್ಟಿದ ಲಾರಿಯನ್ನಷ್ಟೇ ಮಾರಬೇಕು ಎನ್ನುವವರಿದ್ದಾರೆ. ಅದು ಸುಲಭದ ಉತ್ತರ, ಸರಿಯಾದ ಉತ್ತರವಲ್ಲ. ಕೋಳಿ ಸಾಗಿಸುವ ಲಾರಿ, ಗ್ರಾನೈಟ್ ಬಂಡೆಯ ಲಾರಿ, ಹಾಲಿನ ಟ್ಯಾಂಕರ್, ಕಬ್ಬಿನ ಲಾರಿ ಇವುಗಳ ವೈವಿಧ್ಯವನ್ನು ಒಂದು ಅಸೆಂಬ್ಲಿ ಲೈನು ಹಿಡಿಯಲಾರದು. ಟ್ರಕ್ ಬಾಡಿಗಳಿಗೆಂದೇ ಎಐಎಸ್-093 ಎಂಬ ಸಂಹಿತೆ ಇದೆ. ತೊಡಕಿರುವುದು ಅದನ್ನು ಪಾಲಿಸುವ ಖರ್ಚಿನಲ್ಲಿ. ಪರೀಕ್ಷೆ ಎಂದರೆ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳ ಬಾಗಿಲು ತಟ್ಟಬೇಕು, ನಕ್ಷೆ ಬರೆಸಬೇಕು, ಶುಲ್ಕ ಕಟ್ಟಬೇಕು. ತಿಂಗಳಿಗೆ ನಾಲ್ಕೈದು ಬಾಡಿ ಕಟ್ಟುವವನ ಕೈಗೆ ಇದು ಎಟುಕುವುದಿಲ್ಲ. ಎಟುಕದ ನಿಯಮ ಕಾಗದದ ಮೇಲಿನ ಅನುಸರಣೆಯನ್ನಷ್ಟೇ ಹುಟ್ಟಿಸುತ್ತದೆ.

ದಾರಿ ಇಲ್ಲದಿಲ್ಲ. ಬಾಡಿ ಕಟ್ಟುವವರ ಒಂದು ಗುಂಪಿಗೆ ಒಂದು ನಕ್ಷೆ, ಒಂದು ಪರೀಕ್ಷೆ, ಹತ್ತಾರು ಶೆಡ್ಡುಗಳಿಗೆ ಬಳಸುವ ಹಕ್ಕು: ಇಷ್ಟು ಮಾಡಿದರೆ ಖರ್ಚು ಹಂಚಿಹೋಗುತ್ತದೆ. ಸಣ್ಣ ಕೈಗಾರಿಕೆಗಳ ಗುಚ್ಛಗಳಿಗೆ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಿಕೊಡುವ ಕೇಂದ್ರದ ಯೋಜನೆ ಈಗಾಗಲೇ ಇದೆ. ಕರ್ನಾಟಕಕ್ಕೆ ಇನ್ನೂ ಒಂದು ಅನುಕೂಲವಿದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹುಟ್ಟಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇಂದು ಹಲವು ಜಿಲ್ಲೆಗಳಲ್ಲಿ ಶಾಖೆ ಹೊಂದಿದೆ. ನಕ್ಷೆ ಬರೆಯುವ ಕಂಪ್ಯೂಟರು, ಲೋಹದ ಕೆಲಸದ ಯಂತ್ರ, ಕಲಿಸುವ ಮೇಷ್ಟ್ರು ಮೂರೂ ಅಲ್ಲಿ ಸಿಗುತ್ತವೆ. ಹಿಂಬದಿ ತಡೆಗಂಬಿ, ಪಕ್ಕದ ಕಂಬಿ, ಅಡಿಚೌಕಟ್ಟು ಈ ಮೂರು ಭಾಗಗಳ ಪರೀಕ್ಷಿತ ನಕ್ಷೆಯನ್ನು ಕನ್ನಡದಲ್ಲಿ ಅಳತೆ ಸಮೇತ ಅಚ್ಚು ಹಾಕಿಸಿ, ವಾರದ ತರಬೇತಿಯೊಂದಿಗೆ ಮೇಸ್ತ್ರಿಗಳ ಕೈಗಿಡಲು ದೊಡ್ಡ ಬಜೆಟ್ ಬೇಕಿಲ್ಲ. ಚಾಸಿ ಮಾರುವ ಕಂಪನಿಗಳೂ ತಮ್ಮ ಕೈಪಿಡಿಯನ್ನು ರಾಜ್ಯದ ಭಾಷೆಯಲ್ಲಿ ಚಾಸಿಯ ಜೊತೆಗೇ ಕೊಡಬೇಕು. ಹೊಸ ಮೊಬೈಲಿನ ಡಬ್ಬಿಯಲ್ಲಿ ಕನ್ನಡ ಬರಬಹುದಾದರೆ ಮೂವತ್ತು ಲಕ್ಷದ ಗಾಡಿಯ ಜೊತೆ ಏಕೆ ಬರಬಾರದು?

2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹೊಸ ಲಾರಿ ಕೊಳ್ಳುವವನ ಕೈಯಲ್ಲಿ ಲಕ್ಷಗಟ್ಟಲೆ ಉಳಿಯುವ ಈ ಹಣದ ಒಂದು ಪಾಲು ಒಳ್ಳೆಯ ಬಾಡಿಗೆ ಹೋಗುವಂತೆ ಮಾಡಲು ಇದೇ ಸಮಯ. ಪರೀಕ್ಷಿತ ನಕ್ಷೆಯ ಬಾಡಿ ಕಟ್ಟಿಸಿದವನಿಗೆ ವಿಮಾ ಕಂತಿನಲ್ಲಿ, ಸಾಲದ ಬಡ್ಡಿಯಲ್ಲಿ ರಿಯಾಯಿತಿ ಸಿಕ್ಕರೆ ಮಾಲೀಕನೇ ಮೇಸ್ತ್ರಿಯನ್ನು ಕೇಳುತ್ತಾನೆ. ಸಾರಿಗೆ ಇಲಾಖೆಯೂ ಎಫ್‌ಸಿ ಸಮಯದಲ್ಲಿ ತಡೆಗಂಬಿಯ ಎತ್ತರವನ್ನು ಟೇಪ್ ಹಿಡಿದು ಅಳೆಯಲಿ, ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಲಿ, ಬಾಗಿದ್ದನ್ನು ಬದಲಿಸದೆ ಗಾಡಿ ಹೊರಗೆ ಬಿಡದಿರಲಿ. ಒಂದು ಲಾರಿಗೆ ಇದಕ್ಕೆ ಹತ್ತು ನಿಮಿಷ ಸಾಕು.