ಘಟ್ಟದ ದಾರಿ, ಮೈಸೂರಿನ ಕೈ

ಮಳೆಗಾಲ ಬಂತೆಂದರೆ ಅರಭಾವಿ, ಗೋಕಾಕದ ತರುಣರು ಮೋಟರ್ ಸೈಕಲ್ಲೇರಿ ಬೆಳಗಾವಿ, ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟಕ್ಕೆ ಹೊರಡುತ್ತಾರೆ. ಹೋಗಲಿ! ಹಸಿರು ಬೆಟ್ಟ, ಸುತ್ತುಬಳಸಿನ ದಾರಿ ಶ್ರೀಮಂತರ ಸ್ವತ್ತಲ್ಲ. ವಾರವೆಲ್ಲ ದುಡಿದವನಿಗೂ ಆ ಸುಖ ಸಲ್ಲಬೇಕು.

ಆದರೆ ಆ ಸುಖವನ್ನು ನಾಡಿಗೆ ಕೊಟ್ಟ ಕೈಗಳಾವುವು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಮುಂದೆ ಯೆಜ್ಡಿ ಗಾಡಿಗಳು ತಯಾರಾದವು. ಕಿಕ್ಕರನ್ನೇ ಹೊರಳಿಸಿ ಗೇರ್ ಹಾಕುವ ಆ ಗಾಡಿಗಳು ಇಂದಿಗೂ ಘಟ್ಟ ಏರುತ್ತವೆ. ಕಾರ್ಖಾನೆ ಮಾತ್ರ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಪೇಟೆಗೆ ಮರಳಿದವು. ತಯಾರಿಕೆ ಹೋದದ್ದು ಮಧ್ಯಪ್ರದೇಶದ ಪೀಥಂಪುರಕ್ಕೆ. ಹೆಸರಿಗೆ ಬೆಲೆ ಬಂತು. ಆ ಹೆಸರು ಗಳಿಸಿಕೊಟ್ಟವರಿಗೆ ಕೆಲಸ ಮರಳಲಿಲ್ಲ.

ಗಿರಣಿಯ ಭೋಂಗಾ ಕೇಳಿ ಏಳುವ ನಮಗೆ ಇದು ಪರರ ಕಥೆಯಲ್ಲ. ಕಾರ್ಮಿಕನ ಪಗಾರ ನಿಂತ ದಿನವೇ ಅಂಗಡಿಕಾರನ ಉದ್ರಿ ಪುಸ್ತಕ ತುಂಬತೊಡಗುತ್ತದೆ. ಆದ್ದರಿಂದ, ಕಾರ್ಖಾನೆಗೆ ಬೀಗ ಹಾಕುವ ಮೊದಲು ದುಡಿಯುವವರ ಒಪ್ಪಿಗೆ ಬೇಕೆಂದು ಇಬ್ಬರೂ ಕೂಡಿಯೇ ಕೇಳಬೇಕು.

ತರುಣರೇ, ತಿರುವಿನಲ್ಲಿ ವೇಗ ತಗ್ಗಿಸಿರಿ. ಘಟ್ಟದ ಮೇಲೆ ಗಾಡಿ ನಿಲ್ಲಿಸಿದಾಗ ಕಣಿವೆಯನ್ನಷ್ಟೇ ಅಲ್ಲ, ಆ ಗಾಡಿಯನ್ನು ಕಟ್ಟಿದವರನ್ನೂ ನೆನೆಯಿರಿ.