ಸಹನೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಬೇಡಿ

ಆಘಾತಕ್ಕೊಳಗಾದವರ ಮನೆಗೆ ಹೋದಾಗ ನಾವು ಆಡುವ ಮೊದಲ ಮಾತು 'ಸಬ್ರ್ ಮಾಡಿ' ಎಂಬುದು. ಅಲ್ಲಿಗೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ವರ್ಷ ಕಳೆದರೂ ಅವರಿಗೆ ನಿದ್ದೆ ಹತ್ತದಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿದರೆ, 'ಈಮಾನ್ ದುರ್ಬಲವಾಗಿದೆ' ಎಂದು ತೀರ್ಪು ಕೊಡುತ್ತೇವೆ. ಈ ತೀರ್ಪಿಗೆ ಧರ್ಮದಲ್ಲಿ ಆಧಾರವೇನು?

ಪುತ್ರ ಯೂಸುಫರ(ಅ) ಅಗಲಿಕೆಯ ದುಃಖದಿಂದ ಪ್ರವಾದಿ ಯಅ್‌ಕೂಬರ(ಅ) ಕಣ್ಣುಗಳು ಬೆಳ್ಳಗಾದುದನ್ನು ಕುರ್‌ಆನ್ ತಿಳಿಸುತ್ತದೆ. ಸುಂದರ ಸಹನೆಯ ಮಾತನ್ನಾಡಿದವರೂ ಅವರೇ. ಅವರ ಈಮಾನನ್ನು ಅಳೆಯುವ ಧೈರ್ಯ ಯಾರಿಗಿದೆ?

ಕ್ರಿ.ಶ. 629ರ ಮುಅ್‌ತಾ ಯುದ್ಧದಲ್ಲಿ ಜಅ್‌ಫರ್ ಬಿನ್ ಅಬೀ ತಾಲಿಬ್(ರ) ಹುತಾತ್ಮರಾದಾಗ, ಅವರ ಮನೆಯವರಿಗೆ ಆಹಾರ ಸಿದ್ಧಪಡಿಸುವಂತೆ ಪ್ರವಾದಿವರ್ಯರು(ಸ) ಆದೇಶಿಸಿದರು. ಸಂಕಟದಲ್ಲಿ ಮುಳುಗಿದವರಿಗೆ ಒಲೆಯ ಕಡೆ ಗಮನವಿರದೆಂಬುದನ್ನು ಅವರು ಅರಿತಿದ್ದರು. ದುಃಖಿತರ ಹೊರೆಯನ್ನು ಸಮುದಾಯ ಹೊತ್ತುಕೊಳ್ಳುವುದು ಹೊಸ ಕಾಲದ ಆಮದಲ್ಲ. ಅದು ನಾವು ಕೈಬಿಟ್ಟ ಸುನ್ನತ್.

2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ದುರಂತಕ್ಕೀಡಾಗಿ 158 ಮಂದಿ ಮಡಿದರು. ಬದುಕುಳಿದವರು ಎಂಟೇ ಮಂದಿ. ಪರಿಹಾರಧನದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಸಾಗಿತು. ಹಣದ ಲೆಕ್ಕ ಕೇಳಲು ನ್ಯಾಯಾಲಯವಿದೆ. ಆದರೆ ವಿಮಾನದ ಸದ್ದಿಗೆ ಎದೆ ನಡುಗುವ ತಾಯಿಯ ಮಾತನ್ನು ಕೇಳುವವರು ಯಾರು?

'ಮನೆಯ ಗುಟ್ಟು ಬೀದಿಗೆ ಬರುತ್ತದೆ' ಎಂದು ಕೆಲವರು ಆಕ್ಷೇಪಿಸುತ್ತಾರೆ. ಸಭೆಯ ಮಾತು ಅಮಾನತ್ ಎಂಬ ಶಿಷ್ಟಾಚಾರ ನಮ್ಮದೇ ಅಲ್ಲವೇ? 'ದುಆ ಸಾಕು' ಎನ್ನುವವರೂ ಇದ್ದಾರೆ. ಚಿಕಿತ್ಸೆ ಪಡೆಯಿರೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳಿಗೆ ಈ ಮಾತು ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯವಿದೆ. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆದರೆ ಯಾರ ಗೌರವ ಕುಂದುತ್ತದೆ?

ಪ್ರತಿಯೊಂದು ಜಮಾಅತ್ ವಾರಕ್ಕೊಂದು ತಾಸು ಒಂದು ಕೋಣೆಯನ್ನು ಇದಕ್ಕಾಗಿ ತೆರೆದಿಡಲಿ. ಸ್ತ್ರೀಯರಿಗೆ ಪ್ರತ್ಯೇಕ ಸಮಯವಿರಲಿ. ಸಮಾನ ದುಃಖಿಗಳು ಅಲ್ಲಿ ಪರಸ್ಪರ ಮಾತನಾಡಲಿ. ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ಜೊತೆಗಿರಲಿ. ಅಲ್ಲಿ ಪ್ರವಚನ ಬೇಡ. ರೋಗಿಯನ್ನು ಹಗಲಿರುಳು ನೋಡಿಕೊಳ್ಳುವ ಸಹೋದರಿ ಒಂದು ಮಧ್ಯಾಹ್ನವಾದರೂ ನಿಶ್ಚಿಂತೆಯಿಂದ ಮಲಗುವಂತೆ ಇಬ್ಬರು ಸ್ವಯಂಸೇವಕಿಯರು ಅವಳ ಮನೆಗೆ ಹೋಗಲಿ.

ಮಿನಾರದ ಬಣ್ಣಕ್ಕೆ ಚಂದಾ ಎತ್ತುವ ನಮಗೆ ಇದು ಭಾರವಾದ ಕೆಲಸವಲ್ಲ. ಸಹನೆಯನ್ನು ಬೋಧಿಸುವ ಮುನ್ನ, ಸಹಿಸುತ್ತಿರುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.