ಕೂಸು ದಾಟುವ ಹೊಸ್ತಿಲುಗಳು

ಮನೆಯಲ್ಲಿ ಎಳೆಗೂಸೊಂದಿದ್ದರೆ ಆ ಮನೆಯ ಪಂಚಾಂಗವೇ ಬೇರೆಯಾಗುತ್ತದೆ. ತಿಥಿ ವಾರಗಳ ಲೆಕ್ಕ ಹಿಂದೆ ಸರಿದು, ಕೂಸು ನಕ್ಕ ದಿನ, ಬೋರಲಾದ ದಿನ, ಅಂಬೆಗಾಲಿಟ್ಟ ದಿನ ಎಂಬ ಲೆಕ್ಕ ಮುಂದೆ ಬರುತ್ತದೆ. ಮಠದ ಓದಿನಲ್ಲಿ ಬೆಳೆದ ನಮಗೆ ತೊಟ್ಟಿಲ ವಿಚಾರವೇಕೆಂದು ತಾಯಂದಿರು ನಕ್ಕಾರು. ಆದರೆ ಭಕ್ತರ ಮನೆಗೆ ಹೋದಾಗ ನಮಗೆ ಮೊದಲು ದೊರೆಯುವ ವಾರ್ತೆ ಅದೇ. ಮಳೆ, ಬೆಳೆ, ಮದುವೆಗಳ ಮಾತು ಅನಂತರದ್ದು.

ಹುಟ್ಟಿದ ಕೂಸಿನ ಕಣ್ಣಿಗೆ ತಕ್ಕಮಟ್ಟಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತು ಮಾತ್ರ. ಹಾಲೂಡುವ ತಾಯಿಯ ಮುಖ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ. ಆ ಮುಖವನ್ನೇ ಮೊದಲ ಪಾಠವಾಗಿ ಓದಿದ ಕೂಸು ಆರೆಂಟು ವಾರಗಳಲ್ಲಿ ಮುಖ ನೋಡಿ ನಗುತ್ತದೆ. ಅದಕ್ಕೆ ಮುನ್ನ ನಿದ್ದೆಯಲ್ಲಿ ತುಟಿಯರಳುವುದುಂಟು. ಈ ನಗೆಯಾದರೋ ಎದುರಿಗಿರುವವರಿಗೆ ಕೊಡುವ ಉತ್ತರ. ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ, ಬಳಿಕ ಬೋರಲಾಗುತ್ತದೆ, ಕೂರುತ್ತದೆ. ಒಂಬತ್ತು ತಿಂಗಳ ಆಸುಪಾಸಿನಲ್ಲಿ ಚಮಚವನ್ನು ಬೀಳಿಸಿ ಬಗ್ಗಿ ಹುಡುಕುತ್ತದೆ. ಎತ್ತಿ ಕೊಟ್ಟರೆ ಮತ್ತೆ ಬೀಳಿಸುತ್ತದೆ. ಅದು ತುಂಟತನವಲ್ಲ, ಕಣ್ಮರೆಯಾದದ್ದೂ ಇದ್ದೇ ಇರುತ್ತದೆ ಎಂಬ ತತ್ತ್ವವನ್ನು ಕೂಸು ಪರೀಕ್ಷಿಸುವ ಬಗೆ.

ನುಡಿಯ ಬೆಳವಣಿಗೆಯೂ ಹಾಗೆಯೇ. ತುಟಿ ಕೂಡಿಸಿ ನುಡಿಯುವ ಪ, ಬ, ಮ ವರ್ಣಗಳು ಎಳೆಯ ಬಾಯಿಗೆ ಸುಲಭ. ಲೋಕದ ಅನೇಕ ಭಾಷೆಗಳಲ್ಲಿ ತಾಯಿತಂದೆಯರ ಹೆಸರುಗಳು ನಮ್ಮ ಅಮ್ಮ, ಅಪ್ಪಗಳಂತೆ ಇಂಥ ವರ್ಣಗಳಿಂದಲೇ ಆಗಿವೆ. ಕೂಸಿನ ತೊದಲನ್ನು ಹಿರಿಯರು ತಮ್ಮನ್ನು ಕರೆದಂತೆ ಭಾವಿಸಿ ಓಗೊಟ್ಟರು; ಓಗೊಟ್ಟುದರಿಂದಲೇ ಆ ತೊದಲು ಕರೆಯಾಯಿತು.

ಇಂಥ ಸಂತೋಷವನ್ನು ಕೆಡಿಸುವುದು ಹೋಲಿಕೆ. "ನಿನ್ನ ಓರಗಿತ್ತಿಯ ಕೂಸು ವರ್ಷದೊಳಗೆ ನಡೆಯಿತು, ನಿನ್ನದಿನ್ನೂ ಕುಳಿತೇ ಇದೆ" ಎಂಬ ಮಾತಿನಿಂದ ಎಷ್ಟೋ ಬಾಣಂತಿಯರು ಮರೆಯಲ್ಲಿ ಕಣ್ಣೀರಿಟ್ಟಿದ್ದಾರೆ. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಕೂಸುಗಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅತ್ತೆಯಂದಿರು ಗಮನಿಸಬೇಕು. ಆಸರೆಯಿಲ್ಲದೆ ಕೂರುವುದಕ್ಕೆ ಸುಮಾರು 4ರಿಂದ 9 ತಿಂಗಳು, ತಾನೇ ನಡೆಯುವುದಕ್ಕೆ ಸುಮಾರು 8ರಿಂದ 18 ತಿಂಗಳು, ಇಷ್ಟು ವಿಶಾಲವಾದ ಅವಧಿ ಸಹಜವೆಂದು ಅದು ಹೇಳುತ್ತದೆ. ನೂರಕ್ಕೆ ನಾಲ್ಕು ಕೂಸುಗಳಂತೂ ಅಂಬೆಗಾಲಿಡಲೇ ಇಲ್ಲ. ಅವಸರದಿಂದ ಚಕ್ರದ ವಾಕರಿನಲ್ಲಿ ಕೂರಿಸುವುದೂ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ; ಮೆಟ್ಟಿಲಿನಿಂದ ಉರುಳುವ ಅಪಾಯ ಮಾತ್ರ ಹೆಚ್ಚು. ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಹೋಲಿಕೆ ಬೇಡವೆಂದರೆ ಎಚ್ಚರವೂ ಬೇಡವೆಂದಲ್ಲ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಸದ್ದಿಗೆ ಪ್ರತಿಕ್ರಿಯೆ ತೋರದಿದ್ದರೆ, ಒಂಬತ್ತು ತಿಂಗಳು ಕಳೆದರೂ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಕಲಿತದ್ದನ್ನು ಯಾವಾಗಲಾದರೂ ಕಳೆದುಕೊಂಡರೆ, ವೈದ್ಯರಿಗೆ ತೋರಿಸಲು ತಡಮಾಡಬಾರದು. ತಿಂಗಳು ತುಂಬುವ ಮುನ್ನ ಹುಟ್ಟಿದ ಕೂಸಿಗೆ ಈ ಲೆಕ್ಕವನ್ನು ಹೆರಿಗೆಗೆ ಗೊತ್ತಾದ ದಿನದಿಂದ ಹಿಡಿಯಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ತಡವನ್ನೂ ತಪಾಸಣೆ ಮಾಡುತ್ತಾರೆ. ಅಂಗನವಾಡಿಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಲಜ್ಜೆಯಿಂದ ಮುಚ್ಚಿಟ್ಟರೆ ಕಳೆದುಹೋಗುವುದು ಕೂಸಿನ ಕಾಲ.

ತಂದೆಯರಿಗೂ ನಮ್ಮದೊಂದು ಮಾತಿದೆ. ಚೊಚ್ಚಲ ಬಾಣಂತನ ತವರಿನಲ್ಲಾಗುವುದರಿಂದ ಮೊದಲ ನಗೆ, ಮೊದಲ ಮಗ್ಗುಲು ಅನೇಕ ತಂದೆಯರ ಪಾಲಿಗೆ ಕೇಳಿದ ಸುದ್ದಿಗಳಾಗಿ ಉಳಿಯುತ್ತವೆ. ಈಗ ಮೊಬೈಲಿನಲ್ಲಿ ಚಿತ್ರ ಬರುತ್ತದೆ, ನಿಜ. ಆದರೆ ಚಿತ್ರದ ಕೂಸು ನಿಮ್ಮ ಬೆರಳನ್ನು ಹಿಡಿಯಲಾರದು. ವಾರಕ್ಕೊಮ್ಮೆಯಾದರೂ ಹೋಗಿ ಎತ್ತಿಕೊಳ್ಳಿರಿ, ಮಾತನಾಡಿಸಿರಿ. ಹೋದಾಗ ಮೊಬೈಲು ಜೇಬಿನಲ್ಲಿರಲಿ.

ಕೂಸು ಹೊಸ್ತಿಲು ದಾಟಿದ ದಿನ ಸಿಹಿ ಮಾಡಿ ನೆರೆಮನೆಗೆ ಹಂಚುವ ರೂಢಿ ಅನೇಕ ಮನೆಗಳಲ್ಲಿದೆ. ಆ ರೂಢಿ ಉಳಿಯಲಿ. ಬೇಗ ದಾಟಿದ ಕೂಸಿಗೂ ತಡವಾಗಿ ದಾಟಿದ ಕೂಸಿಗೂ ಸಿಹಿ ಒಂದೇ ಆಗಿರಲಿ ಎಂದು ಹಾರೈಸುತ್ತೇವೆ.